ಪಾಲಿನ ಕುದುರೆ

ಬೆಳಗಾವಿಯ ಕೋಟೆಯ ಮುಂದಿನ ಟಾಂಗಾ ನಿಲ್ದಾಣದಲ್ಲಿ ಚನ್ನಬಸಯ್ಯನವರು ಒಂದು ಬಿಳಿ ಕುದುರೆಯ ಹಲ್ಲು ನೋಡುತ್ತ ನಿಂತಿದ್ದರು. ಹಲ್ಲು ನೋಡುವುದು ಹೆಸರಿಗೆ ಮಾತ್ರ. ದಲ್ಲಾಳಿ ತಮ್ಮಣ್ಣ ದವಡೆ ಹಿಡಿದು ಕುದುರೆಯ ಬಾಯಿ ತೆರೆಸಿ ತೋರಿಸುತ್ತಿದ್ದರೂ ಅಯ್ಯನವರ ದೃಷ್ಟಿ ಅದರ ಕಣ್ಣಿನ ಕೆಳಗೆ ನೆಟ್ಟಿತ್ತು.

“ಅಲ್ಲೇನ್ ಹುಡುಕ್ತೀರಿ ಅಜ್ಜಾರ? ಅಲ್ಲಿ ಏನೂ ಇಲ್ರಿ,” ಎಂದ ತಮ್ಮಣ್ಣ. “ಕೂದಲ ಸುಳಿ ನೋಡಬೇಕಂದ್ರ ಎದಿ ಮ್ಯಾಲ ನೋಡ್ರಿ. ಜೋಡಿ ಸುಳಿ. ಇಂಥಾ ಕುದುರಿ ಕಟ್ಟಿದ ಮನ್ಯಾಗ ಅಳೂ ಸಪ್ಪಳ ಇರೂದಿಲ್ಲ.”

ಕುದುರೆಯ ಧಣಿ ಸನಾಉಲ್ಲಾ ಟಾಂಗಾದ ಮೇಲೆ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದ. “ಅದು ಖರೇ ಐತ್ರಿ. ನಮ್ಮ ಮನ್ಯಾಗ ಯಾರೂ ಅಳೂದಿಲ್ಲ. ಎಲ್ಲಾರೂ ನನಗ ಬೈತಾರ, ಅಷ್ಟ,” ಎಂದು ನಕ್ಕ.

ಅಯ್ಯನವರಿಗೂ ಸಣ್ಣಗೆ ನಗೆ ಬಂತು. ಮೂರು ವರ್ಷದಿಂದ ಅವರು ನಕ್ಕದ್ದು ಕಡಿಮೆ.

ಚನ್ನಬಸಯ್ಯನವರು ಖಾನಾಪುರದ ಜಂಗಮರು. ಹೊಳೆಯ ಆಚೆ ಇಟಗಿ, ಗಂದಿಗವಾಡ, ಪಾರಿಶ್ವಾಡದ ಕಡೆಯ ಹಳ್ಳಿಗಳಲ್ಲಿ ಅವರ ಭಕ್ತರ ಮನೆಗಳಿದ್ದವು. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದು, ಸತ್ತವರ ತಲೆಯ ಮೇಲೆ ಪಾದವಿಟ್ಟು ಮಣ್ಣಿಗೆ ಕಳಿಸುವುದು, ಇವೆರಡರ ನಡುವೆ ಬರುವ ಮದುವೆ, ಮನೆ ಒಕ್ಕಲು ಎಲ್ಲವೂ ಅವರ ಕೈಯಿಂದಲೇ ಆಗಬೇಕು. ಅವರ ತಂದೆ ಕುದುರೆಯ ಮೇಲೆ ಹೋಗುತ್ತಿದ್ದರು. ಇವರೂ ಹಾಗೆಯೇ ಹೋಗುತ್ತಿದ್ದರು, ಮಗ ಗುರುಪುತ್ರಯ್ಯನೂ ಹೋಗುತ್ತಿದ್ದ. ಮಗ ತೀರಿಕೊಂಡ ಮೇಲೆ ಅಯ್ಯನವರು ನಡೆದೇ ಹೋದರು. ಈಗ, ಸಾವಿರದ ಒಂಬೈನೂರ ಎಪ್ಪತ್ತೆಂಟರ ಈ ಬೇಸಿಗೆಯಲ್ಲಿ, ಮೊಳಕಾಲು ಪೂರ್ತಿ ಕೈಕೊಟ್ಟಿತ್ತು. ಸರಕಾರಿ ಬಸ್ಸು ಎಲ್ಲ ಊರಿಗೂ ಹೋಗುತ್ತಿರಲಿಲ್ಲ. ಒಂದು ಕುದುರೆಯನ್ನು ಪೂರ್ತಿಯಾಗಿ ಸಾಕುವ ಶಕ್ತಿಯೂ ಅವರಿಗಿರಲಿಲ್ಲ, ಅಷ್ಟು ಕೆಲಸವೂ ಇರಲಿಲ್ಲ. ಸೋಮವಾರದಿಂದ ಬುಧವಾರದ ತನಕ ಕುದುರೆ ತಮ್ಮದು, ಉಳಿದ ದಿನ ಟಾಂಗಾದವನದು, ಯಾರ ದಿನವೋ ಅವರೇ ಮೇವು ಹಾಕಬೇಕು, ಈ ರೀತಿಯ ಪಾಲು ಸಿಕ್ಕರೆ ಸಾಕಾಗಿತ್ತು. ಸನಾಉಲ್ಲಾ ಭಾನುವಾರ ಸಾಮಾನು ಹೇರಿಕೊಂಡು ಖಾನಾಪುರಕ್ಕೆ ಬಂದು, ಕುದುರೆ ಬಿಟ್ಟು ರೈಲಿಗೆ ಹಿಂದಿರುಗಿ, ಗುರುವಾರ ಬಂದು ಒಯ್ಯಲು ಒಪ್ಪಿದ್ದ.

“ಮತ್ತ್ಯಾಕ ತಡಾ ಮಾಡ್ತೀರಿ?” ಎಂದ ತಮ್ಮಣ್ಣ. “ಈಗ ಪಾಲಿಗೆ ಕುದುರಿ ಸಿಗೂದ ಕಷ್ಟ. ನಿಮ್ಮ ಖಾನಾಪುರದಾಗ ಇನ್ನೊಂದು ಐತಿ, ಆದ್ರ ಅದರ ಗೊಡವಿಗೆ ಹೋಗಬ್ಯಾಡ್ರಿ. ಸ್ಟೇಷನ್ ಟಾಂಗಾದ ಸಮದ ಇಲ್ಲೇನ್ರಿ, ಅವ ಯುಗಾದಿ ಮುಂದ ಲೋಂಡಾ ಕಡಿಂದ ಒಂದು ಕೆಂದು ಹೆಣ್ಗುದುರಿ ತಂದಾನ. ಎಡಗಣ್ಣಿನ ಕೆಳಗ ಕಣ್ಣೀರ ಸುಳಿ ಐತಿ. ಕಟ್ಟಿದ ಮನಿ ಅಳಸೂ ಸುಳಿ ಅದು. ಪಾಲಿಗೆ ಯಾರೂ ಬರವಲ್ರು. ಅರ್ಧಾ ಪಾಲು ತಗೊಂಡ್ರ ಅರ್ಧಾ ಸುಳಿ ಅಷ್ಟ ಹತ್ತತೈತಿ ಬರ್ರಿ ಅಂತ ಸಮದ ಚಾಷ್ಟಿ ಮಾಡ್ತಾನ.”

ಅಯ್ಯನವರ ಮುಖದ ನಗೆ ಆರಿಹೋಯಿತು. “ಹಿಂದಿನ ಬಲಗಾಲು?” ಎಂದು ಕೇಳಿದರು.

“ಹಿಂದಿನ ಬಲಗಾಲು ಬಿಳೀದು ಐತ್ರಿ. ನೀವು ನೋಡೀರೇನು?”

ಅಯ್ಯನವರು ಗುರುವಾರದೊಳಗೆ ತಿಳಿಸುವೆನೆಂದು ಸನಾಉಲ್ಲಾನಿಗೆ ಹೇಳಿ, ಬಿಳಿ ಕುದುರೆಯ ಕೊರಳು ಒಮ್ಮೆ ತಟ್ಟಿ, ರೈಲಿನ ಹಾದಿ ಹಿಡಿದರು.

ಆ ಕೆಂದು ಕುದುರೆ ಮೊದಲು ಅವರ ಮನೆಯದೇ ಆಗಿತ್ತು. ಅದರ ಹೆಸರು ಕೆಂಚಿ. ಕೊಳ್ಳುವಾಗಲೇ ಕಣ್ಣೀರ ಸುಳಿ ಕಂಡಿತ್ತು. ಜನ ಬೇಡವೆಂದರು. ಲಿಂಗ ಕಟ್ಟಿಕೊಂಡವರಿಗೆ ಸುಳಿಯ ಅಂಜಿಕೆ ಏಕೆಂದು ಗುರುಪುತ್ರಯ್ಯ ನಕ್ಕಿದ್ದ. ಮಗನ ಮಾತು ಕೇಳಿ ತಂದೆಗೆ ಹೆಮ್ಮೆಯಾಗಿತ್ತು. ಅವರೂ ಭಕ್ತರಿಗೆ ಜೀವಮಾನವಿಡೀ ಅದನ್ನೇ ಹೇಳಿದ್ದರು: ಹಲ್ಲಿಯ ಶಕುನ, ಬೆಕ್ಕಿನ ಶಕುನ, ವಾರ, ತಿಥಿ ಯಾವುದೂ ಶರಣರಿಗೆ ತಟ್ಟುವುದಿಲ್ಲ.

ಮೂರು ವರ್ಷದ ಹಿಂದೆ, ಮಳೆಗಾಲದ ಒಂದು ಮುಂಜಾನೆ, ಆಚೆಯ ಊರಿನ ಒಂದು ಕೂಸಿಗೆ ಲಿಂಗ ಕಟ್ಟಲು ಗುರುಪುತ್ರಯ್ಯ ಹೊರಟ. ಸೇತುವೆ ಸುತ್ತಾಗುತ್ತದೆಂದು ಹೊಳೆಯ ಹಾದಿಯಲ್ಲಿಯೇ ಕುದುರೆಯನ್ನು ಇಳಿಸಿದ. ಅತ್ತ ಕಣಕುಂಬಿಯ ಕಾಡಿನಲ್ಲಿ ರಾತ್ರಿಯೆಲ್ಲ ಮಳೆ ಸುರಿದದ್ದು ಅವನಿಗೆ ಗೊತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೆಂಚಿ ಒಂದೇ ಬಂದು ಬಾಗಿಲ ಮುಂದೆ ತಲೆ ಬಗ್ಗಿಸಿ ನಿಂತಿತು. ಹೆಣ ಸಿಕ್ಕಿದ್ದು ಮಾರನೆಯ ದಿನ, ಬಹಳ ಕೆಳಗೆ, ಲಕ್ಕಿಯ ಪೊದೆಯಲ್ಲಿ. ಊರಿನಲ್ಲಿ ಬೇರೆ ಜಂಗಮರು ಇರಲಿಲ್ಲ. ಮಗನ ತಲೆಯ ಮೇಲೆ ಪಾದವಿಡುವ ಕೆಲಸವನ್ನೂ ಚನ್ನಬಸಯ್ಯನವರೇ ಮಾಡಿದರು. ಆ ಹಣೆಯ ತಣ್ಣನೆಯ ಸ್ಪರ್ಶ ಅವರ ಅಂಗಾಲಿನಿಂದ ಇನ್ನೂ ಹೋಗಿರಲಿಲ್ಲ. ಒಮ್ಮೊಮ್ಮೆ ನೆಲಕ್ಕೆ ಕಾಲೂರಿದಾಗ ಕೆಳಗೆ ನೆಲವಲ್ಲ, ಅದೇ ಇದೆ ಎನಿಸುತ್ತಿತ್ತು.

ಕುದುರೆ ಅವನನ್ನು ಕೆಡವಿ ಓಡಿಬಂತೆಂದು ಅವರು ತಿಳಿದರು. ವಾರದೊಳಗೆ ಅದನ್ನು ದೂರದ ವ್ಯಾಪಾರಿಗೆ ಮಾರಿದರು. ಇನ್ನು ತಮ್ಮೆದುರು ಕುದುರೆಯ ಮಾತು ಯಾರೂ ಎತ್ತಬಾರದೆಂದು ಓಣಿಗೆಲ್ಲ ಹೇಳಿದರು. ಹೊರಗೆ ಅಷ್ಟು ಮಾಡಿದರೂ ಒಳಗೆ ಒಂದು ಹುಳ ಉಳಿಯಿತು. ಸುಳಿಯನ್ನು ನೋಡಿ ನಕ್ಕದ್ದಕ್ಕೆ ಹೀಗಾಯಿತೇ? ಅಂದಿನಿಂದ ಕೂಸುಗಳಿಗೆ ಲಿಂಗ ಕಟ್ಟುವಾಗ ಅವರ ಕೈ ನಡುಗುತ್ತಿತ್ತು. ಅಯ್ಯನವರಿಗೆ ವಯಸ್ಸಾಯಿತೆಂದು ಭಕ್ತರು ಅಂದುಕೊಂಡರು. ಅದು ವಯಸ್ಸಿನ ನಡುಕವಲ್ಲವೆಂದು ಅವರೊಬ್ಬರಿಗೇ ಗೊತ್ತು.

ಮನೆಯಲ್ಲಿ ಸೊಸೆ ಕಾಶವ್ವ ಕೈಕಾಲಿಗೆ ನೀರು ಕೊಟ್ಟು, “ಕುದುರಿ ಹೆಂಗೈತ್ರಿ ಮಾವಾರ?” ಎಂದು ಕೇಳಿದಳು. ಗಂಡ ಹೋದ ಮೇಲೆ ತವರಿನವರು ಕರೆದರೂ ಹೋಗದೆ, ಮಾವನ ಪೂಜೆಗೆ ಹೂವು ಪತ್ರಿ ಹೊಂದಿಸಿಕೊಂಡು ಉಳಿದ ಹೆಣ್ಣುಮಗಳು ಅವಳು. ಮೂವತ್ತು ದಾಟಿರಲಿಲ್ಲ.

“ಬೆಳ್ಳಂದು. ಚಲೋ ಐತಿ. ಸೌಮ್ಯ ಐತಿ.”

“ಮತ್ತ ತಗೊಂಡ್ಬಿಡ್ರಿ.”

ಅಯ್ಯನವರು ಕಟ್ಟೆಯ ಮೇಲೆ ಕುಳಿತರು. ಮುಚ್ಚಿಡುವುದು ಅವರಿಗೆ ಆಗಲಿಲ್ಲ. “ಕಾಶವ್ವ, ನಮ್ಮ ಕೆಂಚಿ ಇದ ಊರಾಗ ಐತೆಂತವಾ. ಸಮದನ ಮನ್ಯಾಗ. ಪಾಲಿಗೆ ಐತೆಂತ.”

ಅವಳ ಕೈಯಲ್ಲಿದ್ದ ಬರಿ ತಂಬಿಗೆ ನೆಲಕ್ಕೆ ಮುಟ್ಟಿತು. ಅವಳು ಅದನ್ನು ಮೆಲ್ಲಗೆ ನೆಟ್ಟಗಿಟ್ಟಳು.

“ನನಗ ಗೊತ್ತೈತ್ರಿ. ನೀರಿಗೆ ಹೋದಾಗ ಹೆಣ್ಮಕ್ಕಳು ಅಂದ್ರು. ನಿಮ್ಮ ಮುಂದ ಅನಬಾರದಂತ ಬಿಟ್ಟೆ.” ಬಾಗಿಲ ಕಡೆಗೊಮ್ಮೆ ನೋಡಿದಳು. “ಮಾವಾರ, ಒಂದು ಮಾತು ಹೇಳ್ತೀನಿ, ಹುಚ್ಚಿ ಅನಬ್ಯಾಡ್ರಿ. ದಿನಾ ನಸಿಕಿನ್ಯಾಗ ಅದರ ಸಪ್ಪಳ ನನಗ ಕೇಳಸ್ತೈತಿ. ಒಂದು ಹೆಜ್ಜಿ ತಡದು ಬೀಳ್ತೈತಲ್ರಿ, ಹಂಗ. ಬಾಗಲತನಕ ಬಂದು ನಿಂದರತೈತಿ. ಎದ್ದು ನೋಡಿದ್ರ ಓಣಿ ಖಾಲಿ. ಈಗರೆ ಇದು ಖರೇ ಅಲ್ಲ ಅಂತ ಹೊಳ್ಳಿ ಮಲಗ್ತೀನಿ. ಖರೇ ಕುದುರೀನ ಬಾಗಲಿಗೆ ಬಂದ್ರ ಯಾವದು ಖರೇ, ಯಾವದು ಅಲ್ಲ ಅಂತ ನಾ ಹೆಂಗ ತಿಳೀಲಿ? ಸಪ್ಪಳ ಕೇಳಿದಾಗೊಮ್ಮೆ ಅವರೂ ಬಂದಾರೇನೋ ಅಂತ ಏಳಬೇಕೇನ್ರಿ? ಅದನ್ನ ತಂದ್ರ ನಾ ಬೀಡಿಗೆ, ನಮ್ಮ ತವರಮನಿಗೆ ಹೋಗ್ತೀನಿ. ಸಿಟ್ಟಿಲ್ರಿ. ತಡಕೊಳ್ಳಾಕ ಆಗೂದಿಲ್ಲ, ಅಷ್ಟ.”

ಚನ್ನಬಸಯ್ಯನವರು ಆ ಸಪ್ಪಳ ತಮಗೊಬ್ಬರಿಗೇ ಕೇಳುತ್ತದೆಂದು ಮೂರು ವರ್ಷ ನಂಬಿದ್ದರು. ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಾಗಲೇ ಅದು ಬರುತ್ತಿತ್ತು. ದೃಷ್ಟಿ ಲಿಂಗದ ಮೇಲಿದ್ದರೂ ಕಿವಿ ಬಾಗಿಲಿಗೆ ಹೋಗುತ್ತಿತ್ತು. ನನಗೂ ಕೇಳಿಸುತ್ತದೆಂದು ಸೊಸೆಗೆ ಹೇಳಬೇಕೆಂದು ಬಾಯಿ ತೆರೆದರು. ಹೇಳಿದರೆ ಅವಳ ಪಾಲಿಗೆ ಅದು ಖರೇ ಆಗಿಬಿಡುವುದೆಂದು ಮುಚ್ಚಿಕೊಂಡರು.

ಬಿಳಿ ಕುದುರೆಯನ್ನು ತಂದರೆ ಮನೆ ಉಳಿಯುತ್ತದೆ. ಆದರೆ ಎದೆಯ ಜೋಡಿ ಸುಳಿ ನೋಡಿ ತಂದಂತಾಗುತ್ತದೆ. ನಾಳೆ ಕೂಸಿನ ಕೊರಳಿಗೆ ಲಿಂಗ ಕಟ್ಟುತ್ತ ಏನನ್ನೂ ಅಂಜಬೇಡವೆಂದು ಯಾವ ಬಾಯಿಂದ ಹೇಳುವುದು? ಕೆಂಚಿಯನ್ನು ತಂದರೆ ಸೊಸೆ ಹೋಗುತ್ತಾಳೆ. ಅದರ ಬೆನ್ನ ಮೇಲೆ ತಾವು ಹೇಗೆ ಕೂಡುವುದು ಎಂಬುದೂ ಅವರಿಗೆ ತಿಳಿಯದು.

ಮರುದಿನ ಬೆಳಕು ಹರಿಯುವಾಗ, ಸುಮ್ಮನೆ ನೋಡಿಬರುವೆನೆಂದು ತಮಗೆ ತಾವೇ ಹೇಳಿಕೊಂಡು, ಕೋಲೂರುತ್ತ ಸಮದನ ಮನೆಗೆ ಹೋದರು. ಸಮದ ಊರಲ್ಲಿರಲಿಲ್ಲ. ಅವನ ಹೆಂಡತಿ ಇಮಾಮಬೀ ಒಲೆಯ ಮುಂದಿನಿಂದ ಎದ್ದು, ಸೆರಗು ಸರಿಪಡಿಸಿಕೊಂಡು, ಬೂದಿಯ ಕೈಯಿಂದಲೇ ಹೊರಗೆ ಬಂದಳು.

“ಬರ್ರಿ ಅಜ್ಜಾರ, ಕುಂದರ್ರಿ. ನೀವು ಒಂದಿನ ಬರ್ತೀರಂತ ನನಗ ಗೊತ್ತಿತ್ರಿ.”

“ಕುಂದರಾಕ ಬಂದಿಲ್ಲವಾ. ನೋಡಿ ಹೋಗ್ತೀನಿ.”

ಕೊಟ್ಟಿಗೆಯಲ್ಲಿ ಕೆಂಚಿ ಬೆನ್ನು ಮಾಡಿ ನಿಂತಿತ್ತು. ಬಡವಾಗಿತ್ತು. ಟಾಂಗಾದ ಪಟ್ಟಿ ಉಜ್ಜಿ ಹೆಗಲಿನ ಕೂದಲು ಹೋಗಿತ್ತು. ಅಯ್ಯನವರು ಹೆಸರು ಕರೆಯಲಿಲ್ಲ. ಆದರೂ ಅದರ ಕಿವಿ ಹಿಂದಕ್ಕೆ ಹೊರಳಿದವು. ಇಮಾಮಬೀ ಅದರ ಮುಂದೆ ಹೋಗಿ ನಿಂತಾಗ ಅದು ತಲೆ ಬಗ್ಗಿಸಿತು. ಅವಳು “ಬಿಸ್ಮಿಲ್ಲಾ” ಎಂದು ಮೂರು ಬೆರಳಿನಿಂದ ಅದರ ಹಣೆಗೆ ಒಲೆಯ ಬೂದಿ ಹಚ್ಚಿದಳು.

ಅಯ್ಯನವರು ಒಂದು ಹೆಜ್ಜೆ ಮುಂದೆ ಬಂದರು. “ಇದನ್ನ ನಿನಗ ಯಾರು ಹೇಳಿಕೊಟ್ರು?”

“ಯಾರೂ ಇಲ್ರಿ. ಇದ ಹೇಳಿಕೊಡ್ತು. ತಂದ ಮರುದಿನ ಹೊರಗ ಕಾಲ ಇಡಲಿಲ್ಲ. ತಲಿ ಬಗ್ಗಿಸಿ ನಿಂತಬಿಟ್ಟಿತು. ಹುಲ್ಲು ಒಲ್ಲೆ, ನೀರು ಒಲ್ಲೆ. ಇವರು ಚಾಬೂಕು ತೋರಿಸಿದ್ರು, ಅದಕ್ಕೂ ಅಂಜಲಿಲ್ಲ. ನಾ ರೊಟ್ಟಿ ಮಾಡೂದು ಬಿಟ್ಟು ಬಂದು ಏನಾತವಾ ನಿನಗ ಅಂತ ಹಣಿ ಸವರಿದೆ. ಕೈಯಾಗ ಬೂದಿ ಇತ್ರಿ. ಅಷ್ಟಕ್ಕ ಹೊಂಟಿತು. ಅವತ್ತಿಂದ ದಿನಾ ಹಚ್ಚತೀನಿ. ನಮ್ಮ ಮನಿಯವರು ನಗ್ತಾರ, ನಿನ್ನ ಕುದುರಿ ಅಯ್ಯ ಆಗೇತಿ ಅಂತಾರ.” ಕೈಯ ಬೂದಿ ಝಾಡಿಸಿಕೊಂಡು ಹೇಳಿದಳು, “ತಪ್ಪಾಗಿದ್ರ ಮಾಫ್ ಮಾಡ್ರಿ. ಮಂತ್ರ ನನಗ ಬರೂದಿಲ್ಲ.”

“ತಪ್ಪಿಲ್ಲವಾ,” ಎಂದರು ಅಯ್ಯನವರು.

ದಿನಾ ಮುಂಜಾನೆ ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡ ಕೈಯಿಂದಲೇ ಗುರುಪುತ್ರಯ್ಯ ಕೆಂಚಿಯ ಹಣೆಗೂ ಹಚ್ಚುತ್ತಿದ್ದ. ಹಚ್ಚಿದ ಮೇಲೆಯೇ ಪಯಣ. ಆ ಸಂಜೆ ಒಂಟಿಯಾಗಿ ಬಂದು ಬಾಗಿಲ ಮುಂದೆ ತಲೆ ಬಗ್ಗಿಸಿದ್ದನ್ನು ಅವರು ಅಪರಾಧಿಯ ನಿಲುವೆಂದು ತಿಳಿದಿದ್ದರು. ಅದು ರಾತ್ರಿಯಿಡೀ ಹಾಗೆಯೇ ನಿಂತಿತ್ತು.

“ಹತ್ತಿ ನೋಡ್ರಿ,” ಎಂದಳು ಇಮಾಮಬೀ. “ಗುರುವಾರದೊಳಗ ಹೂಂ ಅಂದ್ರ ಚಲೋ ಆತ್ರಿ. ನಂದಗಡದ ಕಲ್ಲಿನ ಗಾಡಿಯವ ಕೇಳಾಕ ಹತ್ಯಾನ. ಅವನ ಕೈಯಾಗ ಹೋದ್ರ ಇದು ಉಳಿಯೂದಿಲ್ಲ.”

ಬೇಡವೆನ್ನಬೇಕೆಂದರೂ ಅವರಿಗೆ ಆಗಲಿಲ್ಲ. ಕಟ್ಟೆಯ ಕಲ್ಲು ಹತ್ತಿ, ಇಮಾಮಬೀ ಹಾಸಿದ ಗೋಣಿಯ ಮೇಲೆ ಕುಳಿತರು. ಕುದುರೆ ಓಣಿ ದಾಟಿತು. ಲಗಾಮು ಸಡಿಲವಾಗಿಯೇ ಇತ್ತು, ಯಾವ ಕಡೆಗೆಂದು ಅವರು ಹೇಳಲಿಲ್ಲ. ಅದು ತಾನಾಗಿಯೇ ಹೊಳೆಯ ಹಾದಿ ಹಿಡಿಯಿತು. ತಡೆದು ಬೀಳುವ ಹೆಜ್ಜೆಯ ಸಪ್ಪಳ ಅವರ ಕೆಳಗೇ ಏಳುತ್ತಿತ್ತು. ಮೂರು ವರ್ಷ ಕತ್ತಲೆಯಲ್ಲಿ ಕೇಳಿದ್ದನ್ನು ಈಗ ಬೆಳಕಿನಲ್ಲಿ ಕೇಳುತ್ತ, ಯಾರೋ ಬರುತ್ತಿದ್ದಾರೆ ಎಂದು ಅವರು ಒಂದೆರಡು ಸಾರಿ ಹಿಂದಿರುಗಿ ನೋಡಿದರು.

ಬೇಸಿಗೆಯ ಮಲಪ್ರಭೆ ಕುದುರೆಯ ಮೊಳಕಾಲಿನಷ್ಟೇ ಇತ್ತು. ಕೆಂಚಿ ಅಂಜದೆ ಇಳಿಯಿತು. ನಡುಹೊಳೆಗೆ ಬಂದು, ನೀರು ಹರಿದುಬರುವ ಕಡೆಗೆ ಪಕ್ಕೆ ಕೊಟ್ಟು, ಅಡ್ಡಲಾಗಿ ನಿಂತಿತು. ನಾಲ್ಕು ಕಾಲನ್ನೂ ಅಗಲಿಸಿ ಕಲ್ಲುಗಳ ನಡುವೆ ಊರಿತು. ಕೊರಳು ತಿರುಗಿಸಿ ಕೆಳಗಿನ ನೀರನ್ನೇ ನೋಡತೊಡಗಿತು. ಅಯ್ಯನವರು ಹಿಮ್ಮಡಿಯಿಂದ ತಿವಿದರು, ಲಗಾಮು ಜಗ್ಗಿದರು. ಗೋಡೆಯಂತೆ ನಿಂತೇ ಇತ್ತು.

ಆಚೆ ದಂಡೆಯಲ್ಲಿ ಅಗಸರ ನಿಂಗವ್ವ ಬಟ್ಟೆ ಒಗೆಯುತ್ತಿದ್ದಳು. ಒಗೆಯುವುದು ನಿಲ್ಲಿಸಿ ಕೂಗಿದಳು, “ಎಳೀಬ್ಯಾಡ್ರಿ ಅಜ್ಜಾರ! ಎಳದ್ರ ಬರೂದಿಲ್ಲ. ಸಮದ ಟಾಂಗಾ ಹೂಡಿಕೊಂಡು ಬಂದ್ರೂ ಹಿಂಗ ಮಾಡ್ತೈತಿ. ಅದರ ಮನಸಿಗೆ ಬಂದಾಗ ಬರ್ತೈತಿ.”

“ಯಾಕ ಹಿಂಗ ಮಾಡ್ತೈತಿ?”

ನಿಂಗವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಹೇಳಲೋ ಬೇಡವೋ ಎಂದು ನೋಡಿದಳು. “ಅವತ್ತೂ ಹಿಂಗ ನಿಂತಿತ್ರಿ. ಕಲ್ಲು ಜಾರಿ ಇಬ್ಬರೂ ಬಿದ್ದರು. ಕುದುರಿ ಎದ್ದು, ಹಿಂಗ ಅಡ್ಡ ನಿಂತು, ಅವರ ಕಡೆ ಮಾರಿ ಮಾಡಿ ಒದರಿತು. ಕುತ್ತಿಗಿಮಟ ನೀರಿತ್ತು. ನಾವು ದಂಡಿಯಿಂದ ಕೂಗಿದ್ವಿ, ಹಗ್ಗಾ ಒಗದ್ವಿ. ಸಣ್ಣ ಅಯ್ಯಾರು ಒಂದು ಸಲ ಕೈ ಎತ್ತಿದ್ರು. ಆಮ್ಯಾಲ ಕಾಣಲಿಲ್ಲ. ಕುದುರಿ ಮಾತ್ರ ಹೊತ್ತು ಮುಳುಗೂತನಕ ಹಂಗ ನಿಂತಿತ್ತು. ಅದೂ ಹೋಗ್ತೈತಿ ಅಂದ್ಕೊಂಡಿದ್ವಿ.”

“ನನಗ ಯಾಕ ಹೇಳಲಿಲ್ಲವಾ ನಿಂಗವ್ವ?”

“ನಾವು ಈ ದಂಡಿಗೇ ಸಿಕ್ಕೊಂಡಿದ್ವಿ, ಹೊಳಿ ಇಳದಮ್ಯಾಲ ಬಂದಿದ್ನೆಲ್ರಿ ಹೇಳಾಕ. ಕುದುರಿ ಅಂತ ಬಾಯಿ ತಗಿಯೂದರಾಗ ನೀವು ಬಾಗಲಾ ಹಾಕ್ಕೊಂಡ್ರಿ.”

ಅದು ನಿಜವಾಗಿತ್ತು. ನೀರಿನ ನಡುವೆ ಕುದುರೆಯ ಮೇಲೆ ಕುಳಿತು ಚನ್ನಬಸಯ್ಯನವರಿಗೆ ಆ ಬಾಗಿಲು ಮುಚ್ಚಿದ ಸದ್ದು ನೆನಪಾಯಿತು. ಸುಳಿಯ ಮಾತು ಮನಸ್ಸಿನಿಂದ ಒಮ್ಮೆಲೇ ಉದುರಿತು, ಹಣ್ಣೆಲೆ ಉದುರಿದ ಹಾಗೆ, ಸಪ್ಪಳವಿಲ್ಲದೆ. ಅದು ಉದುರಿದರೂ ಎದೆ ಹಗುರವಾಗಲಿಲ್ಲ. ಕುದುರೆ ಓಡಿಹೋಗಿದ್ದರೆ ದೂರಲು ಒಂದು ಜೀವವಾದರೂ ಇತ್ತು. ಅದು ನಿಂತಿತ್ತು. ಹಿಡಿಯಲು ಆಸರೆಯಿತ್ತು. ಎತ್ತಿದ ಕೈ ಅಷ್ಟು ದೂರ ಮುಟ್ಟಲಿಲ್ಲ. ಇದನ್ನು ಶಿವನ ಮುಂದೆ ಹೇಗೆ ಇಡುವುದು, ಯಾವ ಮಾತಿನಲ್ಲಿ ಇಡುವುದು?

ಅವರು ಲಗಾಮು ಬಿಟ್ಟರು. ಕುದುರೆ ನೋಡುತ್ತಿದ್ದ ಕಡೆಗೇ ನೋಡುತ್ತ ಕುಳಿತರು. ನೀರು ಹೊಳೆಯುತ್ತಿತ್ತು, ಮತ್ತೇನೂ ಇರಲಿಲ್ಲ. ಕೆಳಗೆ ಕುದುರೆಯ ಪಕ್ಕೆ ಉಸಿರಾಡಿದಾಗೊಮ್ಮೆ ಅವರ ಕಾಲು ಸರಿಯುತ್ತಿತ್ತು. ಕೊನೆಗೊಮ್ಮೆ, ಮೂರು ವರ್ಷದಿಂದ ಬಾಯಲ್ಲಿ ತರದಿದ್ದ ಹೆಸರನ್ನು, “ಗುರುಪುತ್ರಾ” ಎಂದು ಹೊಳೆಗೆ ಕೇಳುವಷ್ಟೇ ಕರೆದರು. ಉತ್ತರ ಬರುವ ಹೊತ್ತು ಕಳೆದ ಮೇಲೆ ಕುದುರೆ ಕೊರಳು ತಿರುಗಿಸಿ ದಂಡೆಗೆ ನಡೆಯಿತು.

ಹಿಂದಿರುಗಿ ಬಂದು ಇಮಾಮಬೀಗೆ, “ಸೋಮವಾರದಿಂದ ಬುಧವಾರ ನನ್ನವು. ಕುದುರಿ ನಿಮ್ಮ ಕೊಟ್ಟಿಗ್ಯಾಗ ಇರಲಿ, ಮೇವು ನಾ ತರ್ತೀನಿ. ನಮ್ಮ ಓಣಿಗೆ ಅದನ್ನ ತರೂದಿಲ್ಲ,” ಎಂದರು. ಸನಾಉಲ್ಲಾನಿಗೆ ಬೇರೆ ಪಾಲುದಾರನನ್ನು ನೋಡಿಕೊಳ್ಳಲು ಬೆಳಗಾವಿಗೆ ಹೋಗುವವರ ಕೈಯಲ್ಲಿ ಹೇಳಿಕಳಿಸಿದರು. ಆಮೇಲೆ ಮನೆಗೆ ನಡೆದರು. ಆ ದಿನ ನಡೆದ ಹಾದಿಗಳಲ್ಲಿ ಅದೇ ಎಲ್ಲಕ್ಕಿಂತ ಉದ್ದವೆನಿಸಿತು.

ಕಾಶವ್ವ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ಅಯ್ಯನವರ ಹೊಳೆಯ ನೀರು ಸಿಡಿದ ಧೋತರ ನೋಡಿದಳು, ಅದಕ್ಕೆ ಅಂಟಿದ ಕೆಂದು ಕೂದಲು ನೋಡಿದಳು. ಮೊರ ಕೆಳಗಿಟ್ಟಳು.

“ಕೆಂಚಿನ್ನ ತಗೊಂಡೆವಾ,” ಎಂದರು ಅವರು. “ಈ ಬಾಗಲಿಗೆ ಅದು ಬರೂದಿಲ್ಲ. ಸಮದನ ಮನಿತನಕ ನಾ ನಡದು ಹೋಗ್ತೀನಿ. ಇಷ್ಟಾದಮ್ಯಾಲೂ ನೀ ತವರಿಗೆ ಹೋಗ್ತೀನಂದ್ರ ನಾ ಬ್ಯಾಡ ಅನ್ನೂದಿಲ್ಲ.”

“ಬರೂದಿಲ್ಲ ಅಂದಕೂಡ್ಲೆ ಬರೂದು ಬಿಡತೈತೇನ್ರಿ ಅದು?” ಎಂದಳು ಕಾಶವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. “ಹೊಳೀಗೆ ಇಳಿಸಿದ್ರೇನು?”

“ಅದ ಇಳೀತು.”

“ಏನ್ ಮಾಡ್ತು?”

ನಿಂಗವ್ವ ಹೇಳಿದ್ದೆಲ್ಲ ಅವರ ಗಂಟಲಿಗೆ ಬಂತು. ಎತ್ತಿದ ಕೈಯ ಮಾತೂ ಬಂತು. ಅದನ್ನು ನುಂಗಿಕೊಂಡರು.

“ನಿಂತಿತು,” ಎಂದರು. “ಅವತ್ತೂ ನಿಂತಿತ್ತಂತ. ಓಡಿ ಬಂದಿರಲಿಲ್ಲ.”

ಕಾಶವ್ವ ಮೊರದ ಅಂಚಿನ ಮೇಲೆ ಬೆರಳಾಡಿಸುತ್ತ ಕುಳಿತಳು. ಅವಳು ಅಳುತ್ತಾಳೆಂದು ಅಯ್ಯನವರು ಅಂದುಕೊಂಡರು. ಅಳಲಿಲ್ಲ. ಒಳಗೆ ಹೋಗಿ ಬಟ್ಟೆ ಕಟ್ಟಿಕೊಳ್ಳುತ್ತಾಳೆಂದು ಅಂದುಕೊಂಡರು. ಅದೂ ಆಗಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದಳು.

“ಗೋಣಿ ಮ್ಯಾಲ ಕುಂತು ಅಷ್ಟು ದೂರ ಹೆಂಗ ಹೋಗ್ತೀರಿ? ಅವರ ಜೀನು ಅಟ್ಟದ ಮ್ಯಾಲ ಐತಿ. ನೀವು ಹತ್ತಬ್ಯಾಡ್ರಿ, ನಿಮ್ಮ ಕಾಲು ಒಲ್ಲವು.”

ಏಣಿ ಹಚ್ಚಿ ಹತ್ತಿದಳು. ಮೇಲಿನ ಕತ್ತಲೆಯಲ್ಲಿ ಏನೋ ಸರಿಸಿದ ಸದ್ದು, ಧೂಳು ಉದುರಿದ ಸದ್ದು. ಆಮೇಲೆ ಎರಡು ಕೈ ಕಂಡವು, ಜೀನು ಕೆಳಗಿಳಿಯಿತು. ಅಯ್ಯನವರು ಅದನ್ನು ಎದೆಗೆ ಅವಚಿ ಹಿಡಿದರು. ತೊಗಲು ಒಣಗಿ ಬಿರುಸಾಗಿತ್ತು. ಜೀನು ತಾವು ನೆನಪಿಟ್ಟುಕೊಂಡಿದ್ದಕ್ಕಿಂತ ಭಾರವಾಗಿತ್ತು.

ಸೊಸೆ ಕೆಳಗೆ ಇಳಿಯಲಿಲ್ಲ. ಅಟ್ಟದ ಮೇಲೆ ಸದ್ದೂ ಇರಲಿಲ್ಲ. ಚನ್ನಬಸಯ್ಯನವರು ಏಣಿಯ ಬುಡದಲ್ಲಿ, ಆ ಭಾರ ಹೊತ್ತುಕೊಂಡು, ಅವಳನ್ನು ಕರೆಯದೆ ನಿಂತಿದ್ದರು.